ತುರು ಮನೆಗೆ ಬಂತೆ?

ಕಾನಹೊಸಹಳ್ಳಿಯ ಮೇಲೆ ಹಾಯುವ ಹೆದ್ದಾರಿ 50ರಲ್ಲಿ ಚಿತ್ರದುರ್ಗದ ಕಡೆಯಿಂದ ಹೊಸಪೇಟೆಗೆ ಹೊರಟರೆ, ಯಾವುದಾದರೂ ಕ್ರಾಸಿನಲ್ಲಿ ಒಂದು ಶ್ರದ್ಧಾಂಜಲಿ ಫ್ಲೆಕ್ಸ್ ಕಣ್ಣಿಗೆ ಬೀಳುತ್ತದೆ. ಜನನ, ಮರಣ, ಎರಡು ಇಸವಿಗಳ ನಡುವೆ ಇಪ್ಪತ್ತೋ ಇಪ್ಪತ್ತೆರಡೋ ವರ್ಷ. ಕೆಳಗೆ ‘ಮತ್ತೆ ಹುಟ್ಟಿ ಬಾ ಗೆಳೆಯ’. ಸ್ನೇಹಿತರು ಆರಿಸಿದ ಫೋಟೋದಲ್ಲಿ ಹುಡುಗ ಎಷ್ಟೋ ಸಲ ಬೈಕಿನ ಮೇಲೆಯೇ ಕೂತಿರುತ್ತಾನೆ. ಯಾವ ಬೈಕು ಅವನನ್ನು ಕೊಂಡೊಯ್ದಿತೋ ಅದರ ಮೇಲೆಯೇ ಅವನನ್ನು ಕಾಯಂ ಆಗಿ ಕೂರಿಸಿಬಿಟ್ಟಿದ್ದೇವಲ್ಲ ಎಂದು ನನಗೆ ಸಂಕಟವಾಗುತ್ತದೆ.

ರಸ್ತೆಯ ಸಾವು ಬೇರೆ, ರೇಸಿನ ಸಾವು ಬೇರೆ ಎನ್ನುವವರಿದ್ದಾರೆ. ಹೌದು, ಬೇರೆ. ಆದರೆ ಸತ್ತವನನ್ನು ನಾವು ನೆನೆಯುವ ರೀತಿ ಒಂದೇ.

2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ಬೆಂಗಳೂರಿನ ಶ್ರೇಯಸ್ ಹರೀಶ್ ತೀರಿಕೊಂಡ. ರಾಷ್ಟ್ರೀಯ ಮೋಟಾರ್‌ಸೈಕಲ್ ರೇಸಿಂಗ್ ಚಾಂಪಿಯನ್‌ಶಿಪ್‌ನ ಮೂರನೇ ಸುತ್ತು, ರೂಕಿ ವಿಭಾಗ. ಅಂದು ಬೆಳಗ್ಗೆ ಪೋಲ್ ಪೊಸಿಷನ್ ಅವನದೇ. ರೇಸ್ ಶುರುವಾದ ಸ್ವಲ್ಪದರಲ್ಲೇ ಮೊದಲ ತಿರುವು ದಾಟುವಾಗ ಬಿದ್ದ, ತಲೆಗೆ ಪೆಟ್ಟಾಯಿತು. ಆ ವರ್ಷ ಸತತ ನಾಲ್ಕು ರೇಸ್ ಗೆದ್ದಿದ್ದ. ಅದೇ ತಿಂಗಳು ಮಲೇಷ್ಯಾದ ಸೆಪಾಂಗ್‌ನಲ್ಲಿ ಓಡಬೇಕಿತ್ತು. ಹದಿಮೂರು ತುಂಬಿ ಹತ್ತು ದಿನವಾಗಿತ್ತು.

ಇಂಥ ಹುಡುಗನ ಬಗ್ಗೆ ಮಾತಾಡುವಾಗ ನಮ್ಮ ಭಾಷೆಯೇ ಒಂದು ಕಡೆ ತೊಡರುತ್ತದೆ. ‘ಗೆಲ್ಲುತ್ತಿದ್ದ’ ಎನ್ನುತ್ತೇವೆ. ‘ಆ ವರ್ಷ ಓಡಿದಲ್ಲೆಲ್ಲ ಗೆಲ್ಲುತ್ತಿದ್ದ’ ಎಂದರೆ ನಡೆದ ಸಂಗತಿ. ‘ಇದ್ದಿದ್ದರೆ ಗೆಲ್ಲುತ್ತಿದ್ದ’ ಎಂದರೆ ನಡೆಯದೇ ಹೋದದ್ದು. ಕ್ರಿಯಾಪದ ಒಂದೇ. ಅಕಾಲದಲ್ಲಿ ಹೋದ ಆಟಗಾರನ ಕೀರ್ತಿ ಈ ಎರಡು ಅರ್ಥಗಳು ಬೆರೆಯುವ ಜಾಗದಲ್ಲಿ ಹುಟ್ಟುತ್ತದೆ. ನಡೆಯದ ಗೆಲುವುಗಳನ್ನೂ ಅವನ ಲೆಕ್ಕಕ್ಕೆ ಜಮಾ ಮಾಡುತ್ತೇವೆ. ನಡೆಯದ ಸೋಲುಗಳನ್ನು ಮಾತ್ರ ಯಾರೂ ಬರೆದುಕೊಳ್ಳುವುದಿಲ್ಲ.

1994ರ ಮೇ 1ರಂದು ಇಮೋಲಾ ಟ್ರ್ಯಾಕಿನಲ್ಲಿ ಸತ್ತ ಬ್ರೆಜಿಲ್‌ನ ಫಾರ್ಮುಲಾ ಒನ್ ಕಾರು ಚಾಲಕ ಐರ್ಟನ್ ಸೆನ್ನಾನಿಗೆ 34 ವರ್ಷ. ಮೂರು ವಿಶ್ವ ಪ್ರಶಸ್ತಿ, 41 ಗೆಲುವು. ಅವನ ಎದುರಾಳಿ ಅಲೆನ್ ಪ್ರೋಸ್ಟ್‌ಗೆ ನಾಲ್ಕು ಪ್ರಶಸ್ತಿ, 51 ಗೆಲುವು. ಆದರೂ ಅಭಿಮಾನಿಗಳಲ್ಲಿ ಬಹಳ ಮಂದಿ ಸೆನ್ನಾನನ್ನೇ ಮೇಲೆ ಕೂರಿಸುತ್ತಾರೆ. ಅವನಿಗೆ ಮುಪ್ಪಿಲ್ಲ, ಹಿಂದೆ ಬಿದ್ದ ವರ್ಷಗಳಿಲ್ಲ. ನಮ್ಮ ಸೀಮೆಯ ಕುಮಾರರಾಮನ ಹಾಗೆ. ದೆಹಲಿಯ ಸೈನ್ಯದೆದುರು ಹರೆಯದಲ್ಲೇ ಮಡಿದ ಕಂಪಿಲಿಯ ಆ ರಾಜಕುಮಾರನನ್ನು ಮುದುಕನಾಗಿ ಯಾರಾದರೂ ಕಲ್ಪಿಸಿಕೊಂಡಿದ್ದಾರೆಯೇ?

ಹಾಗಾದರೆ ಕೀರ್ತಿ ಕೊಡುವುದು ಸಾವೇ? ಅಲ್ಲ. ಸೆನ್ನಾನ ಹಿಂದಿನ ದಿನ ಅದೇ ಇಮೋಲಾದಲ್ಲಿ ಆಸ್ಟ್ರಿಯಾದ ರೋಲಂಡ್ ರಾಟ್ಸೆನ್‌ಬರ್ಗರ್ ಸತ್ತ. ಫಾರ್ಮುಲಾ ಒನ್‌ನಲ್ಲಿ ಅವನು ಓಡಿದ್ದು ಒಂದೇ ಒಂದು ರೇಸು. ಅಪಾಯ ಅದೇ, ಧೈರ್ಯ ಅದೇ, ಟ್ರ್ಯಾಕೂ ಅದೇ. ಅವನ ಹೆಸರು ಎಷ್ಟು ಜನಕ್ಕೆ ನೆನಪಿದೆ? ಸಾವು ಯಾರಿಗೂ ಹೊಸದಾಗಿ ಏನನ್ನೂ ಕೊಡುವುದಿಲ್ಲ. ಇದ್ದದ್ದನ್ನು ಇದ್ದಲ್ಲೇ ನಿಲ್ಲಿಸುತ್ತದೆ, ಅಷ್ಟೆ.

‘ಶರಣರ ಗುಣ ಮರಣದಲ್ಲಿ ಕಾಣು’ ಎಂಬ ಗಾದೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಶರಣರಿಗೆ ಅದು ಸರಿ. ರೇಸಿನವರ ವಿಷಯದಲ್ಲಿ ನಾನು ಒಪ್ಪಲಾರೆ. ಗೋಡೆಗೆ ಬಡಿಯುವ ಆ ಕ್ಷಣದಲ್ಲಿ ಗುಣಕ್ಕೆ ಜಾಗವೆಲ್ಲಿ? ಸೆನ್ನಾನ ಗುಣ ಕಾಣಬೇಕಾದರೆ 1992ರ ಬೆಲ್ಜಿಯಂನ ಸ್ಪಾ ಟ್ರ್ಯಾಕಿಗೆ ಹೋಗಬೇಕು. ಅಭ್ಯಾಸದ ವೇಳೆ ಎರಿಕ್ ಕೋಮಾಸ್ ಎಂಬ ಚಾಲಕ ಅಪಘಾತಕ್ಕೆ ಸಿಕ್ಕಿ ಪ್ರಜ್ಞೆ ತಪ್ಪಿ ಕೂತಿದ್ದ. ಎಂಜಿನ್ ಇನ್ನೂ ಓಡುತ್ತಿತ್ತು. ಸೆನ್ನಾ ತನ್ನ ಕಾರು ನಿಲ್ಲಿಸಿ, ಟ್ರ್ಯಾಕಿನ ಮೇಲೆಯೇ ಓಡಿ ಬಂದು ಅದನ್ನು ಆರಿಸಿದ. ಕೋಮಾಸ್ ಬದುಕಿದ. ಮರಣದಲ್ಲಿ ಅಲ್ಲ, ಇನ್ನೊಬ್ಬನ ಮರಣವನ್ನು ತಪ್ಪಿಸಲು ಓಡಿದ ಆ ಓಟದಲ್ಲಿ ಅವನು ಕಾಣುತ್ತಾನೆ.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಊರುಗಳಲ್ಲಿ ವೀರಗಲ್ಲು ನೋಡಿದವರು ಅದರ ಹಂತಗಳನ್ನು ಬಲ್ಲರು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲೋಕ. ನಮ್ಮ ಕಣ್ಣು ಮೇಲಿನ ಎರಡರಲ್ಲೇ ನಿಲ್ಲುತ್ತದೆ. ಆದರೆ ಎಷ್ಟೋ ಕಲ್ಲುಗಳ ಕೆಳಹಂತದಲ್ಲಿ ದನಗಳಿವೆ. ಕಳ್ಳರು ಹೊಡೆದುಕೊಂಡು ಹೋದ ಊರಿನ ತುರು. ಅದನ್ನು ಮರಳಿ ತಂದು ಸತ್ತವನಿಗೆ ಊರು ಕಲ್ಲು ನಿಲ್ಲಿಸಿತು. ಬರೀ ಸತ್ತದ್ದಕ್ಕಲ್ಲ, ತುರು ಮನೆಗೆ ಬಂದದ್ದಕ್ಕೆ.

ರೇಸಿನವನು ಊರು ಕಾಯಲು ಹೋಗಿರಲಿಲ್ಲ ಎಂಬುದನ್ನು ಮುಚ್ಚಿಡಬೇಕಿಲ್ಲ. ವೀರನ ಸಾವಿಗೆ ಅರ್ಥ ಮೊದಲೇ ಇತ್ತು. ರೇಸಿನ ಸಾವಿಗೆ ಅರ್ಥ ಆಮೇಲೆ ಬರಬೇಕು, ಅದನ್ನು ಬದುಕಿರುವವರು ತರಬೇಕು. ಇಮೋಲಾದ ನಂತರ ಕೆಲವರು ತಂದರು: ಟ್ರ್ಯಾಕಿನ ತಿರುವುಗಳು ಬದಲಾದವು, ಚಾಲಕರ ಸಂಘ ಮತ್ತೆ ಜೀವ ಪಡೆಯಿತು, ಕುತ್ತಿಗೆ ಕಾಯುವ ಸಾಧನ ಕಡ್ಡಾಯವಾಯಿತು. 2009ರಲ್ಲಿ ಇಂಗ್ಲೆಂಡಿನ ಒಂದು ರೇಸಿನಲ್ಲಿ ಹಾರಿಬಂದ ಚಕ್ರ ತಲೆಗೆ ಬಡಿದು ಹೆನ್ರಿ ಸರ್ಟೀಸ್ ಎಂಬ 18ರ ಹುಡುಗ ಸತ್ತ. ಅಂಥ ಹಲವು ಸಾವುಗಳ ಬಳಿಕ 2018ರಲ್ಲಿ ಚಾಲಕನ ತಲೆಯ ಸುತ್ತ ‘ಹ್ಯಾಲೊ’ ಎಂಬ ಲೋಹದ ಕಮಾನು ಬಂತು. ಅದನ್ನು ಮೊದಲು ವಿರೋಧಿಸಿದ್ದ ಚಾಲಕ ರೊಮೇನ್ ಗ್ರೋಜಾನ್ 2020ರಲ್ಲಿ ಬಹ್ರೇನಿನಲ್ಲಿ ಅದರಿಂದಲೇ ಉಳಿದು ಬೆಂಕಿಯೊಳಗಿಂದ ಎದ್ದು ಬಂದ. ತುರು ಮನೆಗೆ ಬಂತು ಎಂದು ನಾನು ಕರೆಯುವುದು ಇದನ್ನು.

ಅಪಾಯವಿಲ್ಲದಿದ್ದರೆ ಸೆನ್ನಾ ಎಲ್ಲಿ, ರೇಸ್ ಎಲ್ಲಿ ಎಂಬ ವಾದ ಹಳೆಯದು. ಸೆನ್ನಾನಿಗೂ ಹಿಂದಿನ ಚಾಲಕ ಜಾಕಿ ಸ್ಟೀವರ್ಟ್ ಬೆಲ್ಟು, ತಡೆಗೋಡೆ, ವೈದ್ಯರು ಬೇಕೆಂದು ಹಟ ಹಿಡಿದಾಗಲೂ ಹೀಗೇ ಹಂಗಿಸಿದರು. ಅವನು ಮೂರು ಪ್ರಶಸ್ತಿ ಗೆದ್ದು 1973ರಲ್ಲಿ ಜೀವಂತವಾಗಿ ನಿವೃತ್ತನಾದ. ಅವನ ಕೀರ್ತಿಗೆ ದುರಂತದ ಹೊಳಪಿಲ್ಲ, ಆದರೆ ಎಷ್ಟು ಮನೆಗಳ ದೀಪ ಅವನ ಹಟದಿಂದ ಉಳಿದಿದೆಯೋ! ನನ್ನ ತೂಕದಲ್ಲಿ ಅದೇ ದೊಡ್ಡದು.

ಮೇಲಾಗಿ ಆ ವಾದ ದೊಡ್ಡವರದು. ತಿಳಿದು ಅಪಾಯಕ್ಕೆ ಇಳಿಯುವ ಹಕ್ಕು ಮೂವತ್ತನಾಲ್ಕರ ಸೆನ್ನಾನಿಗಿತ್ತು. ಹದಿಮೂರರ ಮಗುವಿಗೆ ಬಯಕೆ ಇರುತ್ತದೆ. ಒಪ್ಪಿಗೆ ಕೊಡುವವರು ನಾವು. 2021ರಲ್ಲಿ ನಾಲ್ಕೇ ತಿಂಗಳಲ್ಲಿ ಹದಿನಾಲ್ಕು, ಹದಿನೈದು, ಹತ್ತೊಂಬತ್ತರ ಮೂವರು ಯುರೋಪಿನ ಬೈಕ್ ಟ್ರ್ಯಾಕುಗಳಲ್ಲಿ ಸತ್ತಾಗ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ ಮೋಟೋ 3 ವಿಶ್ವ ಚಾಂಪಿಯನ್‌ಶಿಪ್‌ನ ಕನಿಷ್ಠ ವಯಸ್ಸನ್ನು 2023ರಿಂದ 18ಕ್ಕೆ ಏರಿಸಿತು. ಶ್ರೇಯಸ್ ಹೋದದ್ದು ಅದೇ 2023ರಲ್ಲಿ. ಅವನನ್ನು ಚಾಂಪಿಯನ್ ಎಂದು ಕರೆಯುವ ಪ್ರತಿಯೊಬ್ಬರೂ ಅವನ ಹೆಸರಿನಲ್ಲಿ ಏನು ಬದಲಾಯಿತೆಂದು ಕೇಳಬೇಕು. ಉತ್ತರ ಸಿಗುವವರೆಗೆ ನಮ್ಮ ಹೊಗಳಿಕೆ ಅವನಿಗೆ ಕೊಡುವ ಗೌರವವಲ್ಲ, ತೀರದ ಸಾಲ.

ಗೇರ್ ಇರುವ ಬೈಕನ್ನು ನಮ್ಮ ಹೆದ್ದಾರಿಯಲ್ಲಿ ಓಡಿಸಲು ಲೈಸೆನ್ಸ್ ಸಿಗುವುದು ಹದಿನೆಂಟಕ್ಕೆ. ಶ್ರೇಯಸ್‌ಗೆ ಹದಿನೆಂಟು ತುಂಬಬೇಕಿದ್ದುದು 2028ರ ಜುಲೈ 26ರಂದು.