ಗೂಢದೋಷ ವಿಚಾರ

ತಾನು ಮಾರುವ ವಸ್ತುವಿನಲ್ಲಿ ದೋಷವಿದೆಯೆಂದು ನಿಶ್ಚಯವಾಗಿ ಬಲ್ಲವನು ಅದನ್ನು ಕೊಳ್ಳುವವನಿಗೆ ತಿಳಿಸಬೇಕೆಂಬುದರಲ್ಲಿ ಶಾಸ್ತ್ರಕ್ಕೂ ಲೋಕಕ್ಕೂ ಭಿನ್ನಾಭಿಪ್ರಾಯವಿಲ್ಲ. ನಿಶ್ಚಯವಿಲ್ಲದೆ ಶಂಕೆ ಮಾತ್ರವಿದ್ದರೆ ಏನು ಮಾಡಬೇಕು? ಆಸ್ಟ್ರಿಯಾ ದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ಕಳೆದ ಚಳಿಗಾಲದಲ್ಲಿ ಬರೆದ ಪತ್ರವು ನನ್ನನ್ನು ಈ ವಿಚಾರಕ್ಕೆ ಹಚ್ಚಿತು. ಪತ್ರದಲ್ಲಿದ್ದ ವಸ್ತುವು ನಮ್ಮ ಸೀಮೆಯಲ್ಲಿ ಕಾಣಸಿಗುವಂತಹದಲ್ಲ. ಆದಕಾರಣ ಅದರ ವಿವರಣೆಗೆ ವಾಚಕರು ತುಸು ತಾಳ್ಮೆಯಿಂದ ಕಿವಿಗೊಡಬೇಕು.

ಆಲ್ಪ್ಸ್ ಪರ್ವತದ ಇಳಿಜಾರುಗಳಲ್ಲಿ, ಒಂದೇ ಹಲಗೆಗೆ ಎರಡು ಕಾಲುಗಳನ್ನೂ ಬಿಗಿದುಕೊಂಡು ಹಿಮದ ಮೇಲೆ ಜಾರುವ ಕ್ರೀಡೆಯೊಂದುಂಟು. ಹಲಗೆಗೆ ಸ್ನೋಬೋರ್ಡು ಎಂದು ಹೆಸರು, ನಾವು ಹಿಮಫಲಕವೆನ್ನೋಣ. 1998ರಲ್ಲಿ ಜಪಾನಿನ ನಗಾನೊ ಒಲಿಂಪಿಕ್ಸಿನಲ್ಲಿ ಈ ಕ್ರೀಡೆಗೆ ಮೊದಲು ಸ್ಥಾನ ದೊರೆಯಿತು. ಇದರಲ್ಲಿ ಆಲ್ಪೈನ್ ಎಂಬ ಬಗೆಯ ಫಲಕವು ಉದ್ದವಾಗಿಯೂ ಇಕ್ಕಟ್ಟಾಗಿಯೂ ಇರುವುದು. ಸವಾರನು ಕಲ್ಲಿನಂತೆ ಗಟ್ಟಿಗೊಂಡ ಹಿಮದ ಮೇಲೆ ಅದರ ಉಕ್ಕಿನ ಅಂಚನ್ನೂರಿ, ಮೈಯೆಲ್ಲ ನೆಲಕ್ಕೆ ಒರಗುವಷ್ಟು ಬಾಗಿ ತಿರುಗುತ್ತಾನೆ. ಫಲಕದ ನಡುವೆ ಮರ. ಮೇಲೂ ಕೆಳಗೂ ಗಾಜಿನ ನಾರಿನ ಪದರ. ಅದರೊಡನೆ ಒಂದು ಮಿಲಿಮೀಟರಿಗಿಂತ ತೆಳುವಾದ ಲೋಹದ ತಗಡು. ಇವೆಲ್ಲವನ್ನೂ ಎಪಾಕ್ಸಿಯೆಂಬ ಅಂಟಿನಿಂದ ಸೇರಿಸಿ, ಶಾಖದಲ್ಲಿ ಒತ್ತಿ ಒಂದಾಗಿಸುವರು. ತಗಡಿನ ಲೋಹಕ್ಕೆ ಟೈಟನಾಲ್ ಎಂದು ಹೆಸರು. ಹೆಸರಿನಲ್ಲಿ ಟೈಟೇನಿಯಮ್ಮಿನ ಧ್ವನಿಯಿದ್ದರೂ ಅದು ಪ್ರಧಾನವಾಗಿ ಅಲ್ಯೂಮಿನಿಯಮ್ಮು. ಸತುವು, ಮೆಗ್ನೀಸಿಯಮ್ಮು, ತಾಮ್ರಗಳು ಅದರಲ್ಲಿ ಬೆರೆತಿವೆ. ಹೆಸರಿನಲ್ಲೇ ಇಷ್ಟು ಮರೆಯಿದೆಯಲ್ಲ ಎಂದು ನನಗೆ ನಗು ಬಂದಿತು. ಈ ತಗಡು ಫಲಕದ ಕಂಪನವನ್ನು ನುಂಗಿ, ಅಂಚು ಹಿಮವನ್ನು ಬಿಡದಂತೆ ಮಾಡುವುದು. ಆದುದರಿಂದಲೇ ಈ ಶತಮಾನದ ಮೊದಲ ದಶಕದಲ್ಲಿ ಸ್ಪರ್ಧಿಗಳಲ್ಲಿ ಇದರ ಬಳಕೆ ಹಬ್ಬಿತು.

ಬೆತ್ತವನ್ನು ಬಗ್ಗಿಸಿ ಬಿಟ್ಟರೆ ಮೊದಲಿನಂತಾಗುತ್ತದೆ. ಹಿತ್ತಾಳೆಯ ಚೊಂಬು ಕಲ್ಲಿನ ಮೇಲೆ ಬಿದ್ದರೆ ತಗ್ಗು ಹಾಗೆಯೇ ಉಳಿಯುತ್ತದೆ. ಅನ್ನಂಭಟ್ಟನು ತನ್ನ ತರ್ಕಸಂಗ್ರಹದಲ್ಲಿ ಸಂಸ್ಕಾರವೆಂಬ ಗುಣವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರಾಗಿ ಹೇಳಿದ್ದಾನೆ. ಸುರುಳಿ ಸುತ್ತಿದ ಚಾಪೆಯನ್ನು ಹಿಂದಿನ ಸ್ಥಿತಿಗೆ ತರುವುದು ಸ್ಥಿತಿಸ್ಥಾಪಕ; ಕಂಡದ್ದನ್ನು ನೆನಪಿಗೆ ತರುವುದು ಭಾವನೆ. ಚಾಪೆಗೂ ಸ್ಮರಣೆಗೂ ಏನು ನಂಟೆಂದು ಪಾಠಶಾಲೆಯಲ್ಲಿ ಕೇಳಿ ನಾನು ಗದರಿಸಿಕೊಂಡದ್ದುಂಟು. ಈ ತಗಡಿನ ವಿಷಯವನ್ನು ಓದಿದಮೇಲೆ ನಂಟು ಸ್ವಲ್ಪ ಹೊಳೆಯಿತು. ಗಾಜಿನ ನಾರು ಬಾಗಿದರೆ ಹಿಂದಿರುಗುವುದು, ಮಿತಿಮೀರಿದರೆ ಸೀಳುವುದು. ಲೋಹದ ತಗಡು ಮಿತಿಯೊಳಗೆ ಹಿಂದಿರುಗುತ್ತದೆ. ಮಿತಿ ದಾಟಿದರೆ ಮುರಿಯದೆಯೇ ಬಾಗಿದಂತೆ ಉಳಿಯುತ್ತದೆ. ಫಲಕದ ಮೂಗು ಹಿಮದ ದಿಬ್ಬಕ್ಕೆ ನಾಟಿಕೊಂಡಾಗ ಹೀಗಾಗುವುದುಂಟು. ಇನ್ನೊಂದು ಸೂಕ್ಷ್ಮವಿದೆ. ಇಷ್ಟರೊಳಗಿನ ಭಾರವನ್ನು ಎಷ್ಟು ಲಕ್ಷ ಸಾರಿ ಹೊತ್ತರೂ ದಣಿವಿಲ್ಲವೆಂಬ ಮೇರೆಯೊಂದು ಉಕ್ಕಿಗೆ ಉಂಟು. ಅಲ್ಯೂಮಿನಿಯಮ್ಮಿಗೆ ಅಂತಹ ಸ್ಪಷ್ಟವಾದ ಮೇರೆಯಿಲ್ಲ. ಚಿಕ್ಕ ಚಿಕ್ಕ ಬಾಗುಗಳೂ ಅದರೊಳಗೆ ಕೂಡುತ್ತ ಹೋಗುತ್ತವೆ.

ಆದರೆ ಅನೇಕ ಫಲಕಗಳು ಕೆಡುವುದು ಲೋಹದಲ್ಲಲ್ಲ, ಅಂಟಿನಲ್ಲಿ. ನೂಲಿಗೂ ಬಟ್ಟೆಗೂ ಇರುವುದು ಸಮವಾಯ. ತಗಡಿಗೂ ಮರಕ್ಕೂ ಇರುವುದು ಬರಿಯ ಸಂಯೋಗ. ಸಂಯೋಗಕ್ಕೆ ವಿಭಾಗವೇ ಶತ್ರು. ಗಾಳಿ ಸೋಂಕಿದೊಡನೆ ಅಲ್ಯೂಮಿನಿಯಮ್ಮಿನ ಮೇಲೆ ಒಂದು ಪೊರೆ ಕಟ್ಟುವುದರಿಂದ, ಮೈಯನ್ನು ಮೊದಲು ಹದಗೊಳಿಸದಿದ್ದರೆ ಅಂಟು ಗಟ್ಟಿಯಾಗಿ ಕಚ್ಚುವುದಿಲ್ಲ. ಚಳಿಗೆ ಎಲ್ಲ ಪದರಗಳೂ ಒಂದೇ ಸಮನಾಗಿ ಕುಗ್ಗುವುದೂ ಇಲ್ಲ. 170 ಸೆಂಟಿಮೀಟರು ಉದ್ದದ ಫಲಕವನ್ನು ಬೆಚ್ಚಗಿನ ಮನೆಯಿಂದ 40 ಡಿಗ್ರಿ ಕಡಮೆಯ ಚಳಿಗೆ ಒಯ್ದರೆ ಅಲ್ಯೂಮಿನಿಯಮ್ಮು ತಾನಾಗಿ ಸುಮಾರು ಒಂದೂವರೆ ಮಿಲಿಮೀಟರು ಕುಗ್ಗಬಯಸುವುದು. ಉಕ್ಕಿನ ಅಂಚು ಅದರ ಅರ್ಧದಷ್ಟು ಮಾತ್ರ. ಈ ಎಳೆದಾಟವೆಲ್ಲ ಅಂಟಿನ ಪಾಲಿಗೆ. ಅದಕ್ಕಾಗಿಯೇ ನಡುವೆ ತೆಳು ರಬ್ಬರನ್ನು ಹಾಸುವರು. ಅಂಟು ಎಲ್ಲಿಯಾದರೂ ಸ್ವಲ್ಪ ಬಿಟ್ಟರೆ ಅಲ್ಲಿ ನೀರು ಸೇರುವುದು. ಸೇರಿದ ನೀರು ಹೆಪ್ಪುಗಟ್ಟಿ ಸಂದನ್ನು ಹಿಗ್ಗಿಸುವುದು. ಮೇಲಿನ ಚಿತ್ರವಿಚಿತ್ರವಾದ ಹೊದಿಕೆ ಮಾತ್ರ ಎಂದಿನಂತೆ ಹೊಳೆಯುತ್ತಲೇ ಇರುವುದು.

ಈ ಫಲಕದ ಅಣ್ಣನೆನ್ನಬಹುದಾದ ಲೋಹದ ಸ್ಕೀಯ ಕಥೆಯೂ ಹೀಗೆಯೇ. ಅಮೆರಿಕದ ಹೊವರ್ಡ್ ಹೆಡ್ ಎಂಬ ವಿಮಾನಶಿಲ್ಪಿಯು 1947ರ ಸುಮಾರಿಗೆ ಅದನ್ನು ಮಾಡತೊಡಗಿದಾಗ ಮೊದಲ ಜೋಡಿಗಳೆಲ್ಲ ಪರೀಕ್ಷೆಯಲ್ಲಿ ಮುರಿದವು. ಮುರಿದಂತೆಲ್ಲ ಅವನು ತಿದ್ದುತ್ತ ಹೋಗಿ, 1950ರ ವೇಳೆಗೆ ಒಂದು ಹದಕ್ಕೆ ತಂದನು. ಕಣ್ಣೆದುರಿಗೆ ಮುರಿದದ್ದರಿಂದ ತಿದ್ದುವುದಕ್ಕೆ ದಾರಿಯಾಯಿತು.

ನನ್ನ ಶಿಷ್ಯನ ಫಲಕವು ಮುರಿಯಲಿಲ್ಲ. ಎರಡು ವರ್ಷಗಳ ಹಿಂದೆ ಅದರ ಮೂಗು ದಿಬ್ಬಕ್ಕೆ ನಾಟಿ ಅವನು ದೂರ ಎಸೆಯಲ್ಪಟ್ಟನಂತೆ. ಸಮನೆಲದ ಮೇಲಿಟ್ಟು ನೋಡಿದರೆ ಮೂಗು ಕೂದಲೆಳೆಯಷ್ಟು ಮೇಲೆದ್ದಂತೆ ಅವನ ಕಣ್ಣಿಗೆ ತೋರುತ್ತದೆ, ಅವನ ಸ್ನೇಹಿತನ ಕಣ್ಣಿಗೆ ತೋರುವುದಿಲ್ಲ. ಬೆರಳಿನಿಂದ ತಟ್ಟಿದರೆ ಪೊಳ್ಳು ಸದ್ದಿಲ್ಲ. ಆಮೇಲೆ ಒಂದು ಋತುವೆಲ್ಲ ಅದರ ಮೇಲೆಯೇ ಜಾರಿದ್ದಾನೆ. ಈಗ ಹತ್ತೊಂಬತ್ತು ವಯಸ್ಸಿನ ವಿದ್ಯಾರ್ಥಿಯೊಬ್ಬನು ಅದನ್ನು ಕೊಳ್ಳಲು ಬರುವವನಿದ್ದನು. “ಗುರುಗಳೆ, ಹಳೆಯ ವಸ್ತುವೆಂದು ಬೆಲೆ ತಗ್ಗಿಸಿಯೇ ಇದ್ದೇನೆ. ಅವನು ಪರೀಕ್ಷಿಸಿ ಕೊಳ್ಳಲಿ. ಇಲ್ಲದ ದೋಷವನ್ನು ಹೇಳಿ ಒಳ್ಳೆಯ ವಸ್ತುವಿಗೆ ಕೆಟ್ಟ ಹೆಸರು ತರುವುದೂ ಅಸತ್ಯವಲ್ಲವೆ?” ಎಂದು ಬರೆದಿದ್ದನು.

ಕಡೆಯ ಮಾತು ತಳ್ಳಿಹಾಕುವಂತಹದಲ್ಲ. ಶಂಕೆಯನ್ನು ಸತ್ಯವೆಂಬಂತೆ ಸಾರುವುದು ತಪ್ಪೇ. ಆದರೆ ಇಲ್ಲಿ ಎರಡು ಸಂಗತಿಗಳು ಕಲೆತುಹೋಗಿವೆ. ಫಲಕವು ಕೆಟ್ಟಿದೆಯೆಂಬುದು ಅವನ ಅನುಮಾನ. ತಾನು ಬಿದ್ದನೆಂಬುದು ಪ್ರತ್ಯಕ್ಷ. ಅನುಮಾನವನ್ನು ಹೇಳುವ ಹೊಣೆ ಅವನಿಗಿಲ್ಲದಿರಬಹುದು, ಪ್ರತ್ಯಕ್ಷವನ್ನು ಹೇಳುವ ಹೊಣೆಯಿದೆ. ಕೊಳ್ಳುವವನು ಅಂಚನ್ನು ನೋಡಿಯಾನು, ಗೀರುಗಳನ್ನು ಎಣಿಸಿಯಾನು. ಆ ದಿನದ ದಿಬ್ಬವನ್ನು ಅವನೆಲ್ಲಿಂದ ನೋಡಬೇಕು? ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಮಾರಬಾರದ ಸರಕುಗಳನ್ನು ಹೇಳುವಾಗ, ಮರೆಮಾಡಿದ್ದನ್ನೂ ಮಾರಬಾರದೆಂದಿದೆ. ಬಟ್ಟೆ ಮುಚ್ಚಿದರೆ ಮಾತ್ರ ಮರೆಯೆ? ಮೌನದಿಂದ ಮುಚ್ಚಿದ್ದೂ ಮರೆಯೇ ಎಂದು ನಾನು ತಿಳಿಯುತ್ತೇನೆ.

ಇಷ್ಟನ್ನು ಬರೆದು ಲಕೋಟೆಗೆ ಹಾಕುವ ಮೊದಲು ಕೈ ತಡೆಯಿತು. ನಲವತ್ತು ವರ್ಷಗಳ ಹಿಂದೆ ನಾನೊಂದು ಸೈಕಲ್ಲನ್ನು ಮಾರಿದ್ದೆನು. ಅದರ ಮುಂದಿನ ಕವಲಿಗೆ ಬೆಸುಗೆ ಹಾಕಿಸಿ, ಮೇಲೆ ಬಣ್ಣ ಹಚ್ಚಿಸಿದ್ದೆನು. ಕೊಂಡವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರಿಗೆ ಅದರಿಂದ ಯಾವ ಅಪಾಯವೂ ಆಗಲಿಲ್ಲ. ಆದರೂ ಅವರು ಎದುರಾದಾಗಲೆಲ್ಲ, ಅವರ ಮುಖಕ್ಕಿಂತ ಮೊದಲು ನನ್ನ ಕಣ್ಣು ಆ ಕವಲಿನ ಕಡೆಗೆ ಹೋಗುತ್ತಿತ್ತು. ಮೊದಲು ಬರೆದ ಹಾಳೆಯ ಹಿಂಬದಿಗೆ ಇದನ್ನೂ ಬರೆದು ಕಳುಹಿಸಿದೆನು.

ಉತ್ತರ ಬಂದಿದೆ. ಹುಡುಗನಿಗೆ ಎಲ್ಲವನ್ನೂ ಹೇಳಿದನಂತೆ. ಹುಡುಗನು ಫಲಕವನ್ನು ನೆಲದ ಮೇಲಿಟ್ಟು, ತಾನೂ ಬೋರಲಾಗಿ ಮಲಗಿ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದನು. ಎರಡು ದಿನದಲ್ಲಿ ಹೇಳುತ್ತೇನೆಂದು ಹೋದನು. ಪತ್ರ ಬರೆಯುವ ಹೊತ್ತಿಗೆ ಅವನಿನ್ನೂ ಬಂದಿರಲಿಲ್ಲವಂತೆ.