ಮನೆಪತ್ರದ ಮೇಲಿನ ವಿದ್ಯೆ

ಗೆಳೆಯನ ಮನೆಯ ಊಟದ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು, ಅವನ ಮಗಳಿಗೆ ಅಮೆರಿಕದ ವಿಶ್ವವಿದ್ಯಾಲಯದಿಂದ ಬಂದ ಪ್ರವೇಶಪತ್ರ. ಇನ್ನೊಂದು, ನಾವು ಕೂತಿದ್ದ ಹಾಸನದ ಅದೇ ಮನೆಯ ಪತ್ರ. ಹದಿನೆಂಟು ವರ್ಷ ಕಂತು ಕಟ್ಟಿ ಬಿಡಿಸಿಕೊಂಡದ್ದು. ಊರಲ್ಲಿ ತೋಟವಿದೆ, ಆದರೆ ಕೃಷಿಭೂಮಿಯ ಭದ್ರತೆ ಬ್ಯಾಂಕಿಗೆ ಬೇಡ. ಆರ್ಕಿಟೆಕ್ಚರಿನಲ್ಲಿ ಇನ್ನಷ್ಟು ಕಲಿಯಬೇಕೆಂದರೆ, ಅಂದರೆ ಮನೆ ಕಟ್ಟುವ ವಿದ್ಯೆಯನ್ನು ಇನ್ನಷ್ಟು ಕಲಿಯಬೇಕೆಂದರೆ, ಕಟ್ಟಿಕೊಂಡ ಮನೆಯನ್ನು ಅಡ ಇಡಬೇಕು. "ನೀನೂ ಆರ್ಕಿಟೆಕ್ಟು. ಹೇಳಪ್ಪ, ಕಳಿಸಲೋ ಬೇಡವೋ?" ಅಂದ ಗೆಳೆಯ. ಅವತ್ತು ತಡವರಿಸಿದೆ. ಕೊಡಬೇಕಿದ್ದ ಉತ್ತರ ಇಲ್ಲಿದೆ.

ಮೊದಲು ಲೆಕ್ಕ. ಅಮೆರಿಕದ ಹೆಸರಾಂತ ಖಾಸಗಿ ಶಾಲೆಗಳಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ 60,000 ಡಾಲರ್ ಆಸುಪಾಸು. 2010ರಲ್ಲಿ ಡಾಲರಿಗೆ 45 ರೂಪಾಯಿಯಷ್ಟಿತ್ತು, 2025ರ ಕೊನೆಗೆ 90 ದಾಟಿತು. ಮನೆಯವರು ಒಂದಿಷ್ಟು ಹೊಂದಿಸಿ, ಉಳಿದ 60 ಲಕ್ಷ ಸಾಲ ತೆಗೆದರು ಅಂದುಕೊಳ್ಳೋಣ. ಶೇಕಡಾ 11ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 82,600 ರೂಪಾಯಿ. ಕೊನೆಗೆ ಕೈಬಿಟ್ಟು ಹೋಗುವ ಮೊತ್ತ 99 ಲಕ್ಷ, ಓದುವ ಕಾಲದ ಬಡ್ಡಿ ಬೇರೆ. ಬೆಂಗಳೂರಿನ ಒಳ್ಳೆಯ ಕಚೇರಿಗಳಲ್ಲಿ ಹೊಸದಾಗಿ ಸೇರಿದ ಬಿ.ಆರ್ಕ್ ಪದವೀಧರರಿಗೆ ನಾನು ಕಂಡಂತೆ ತಿಂಗಳಿಗೆ ಇಪ್ಪತ್ತೈದು, ಮೂವತ್ತು ಸಾವಿರ. ವಿದೇಶದಲ್ಲಿ ಓದಿ ಬಂದವರಿಗೆ ಐವತ್ತು ಸಿಕ್ಕರೆ ಅದೃಷ್ಟ.

ಹಾಗಾದರೆ ಅಲ್ಲೇ ದುಡಿದು ತೀರಿಸಬೇಕು. ಹೊರಡುವಾಗ ಯಾರೂ ಬಾಯಿಬಿಟ್ಟು ಹೇಳದ ಷರತ್ತು ಇದು. ಅಲ್ಲಿನ ದಾರಿಯೂ ನೇರವಿಲ್ಲ. ಐದು ವರ್ಷ ಆರ್ಕಿಟೆಕ್ಚರ್ ಓದಿದವರಿಗೆಂದೇ ಇರುವ ಒಂದು, ಒಂದೂವರೆ ವರ್ಷದ ಸ್ನಾತಕೋತ್ತರ ಕೋರ್ಸುಗಳಲ್ಲಿ ಹಲವಕ್ಕೆ ಅಲ್ಲಿನ ಲೈಸೆನ್ಸಿಗೆ ಆಧಾರವಾಗುವ ವೃತ್ತಿಪರ ಮಾನ್ಯತೆ ಇಲ್ಲ. ಲೈಸೆನ್ಸಿಗೆ ಸಾಮಾನ್ಯವಾಗಿ 3,740 ಗಂಟೆಗಳ ಅನುಭವ ದಾಖಲಿಸಿ, ಆರು ಭಾಗಗಳ ಪರೀಕ್ಷೆ ಪಾಸಾಗಬೇಕು. ಓದು ಮುಗಿದ ಮೇಲೆ ಕೆಲಸಕ್ಕೆ ಸಿಗುವ ಅನುಮತಿ ಒಂದು ವರ್ಷದ್ದು, ಕೋರ್ಸು ವಿಜ್ಞಾನ–ತಂತ್ರಜ್ಞಾನದ ಪಟ್ಟಿಯಲ್ಲಿದ್ದರೆ ಇನ್ನೆರಡು ವರ್ಷ ಸೇರುತ್ತದೆ. ಆಮೇಲೆ ಎಚ್-1ಬಿ ವೀಸಾದ ಲಾಟರಿ. ಹೊಸ ಅರ್ಜಿಗಳ ಮೇಲೆ 1,00,000 ಡಾಲರ್ ಶುಲ್ಕ ಹೇರುವ ಆದೇಶ 2025ರ ಸೆಪ್ಟೆಂಬರಿನಲ್ಲಿ ಹೊರಟಿತು. ನಮ್ಮಲ್ಲಾದರೋ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ ನೋಂದಣಿಯಾಗಲು ಬಿ.ಆರ್ಕ್ ಸಾಕು. ನಕ್ಷೆಗೆ ಸಹಿ ಹಾಕುವ ಹಕ್ಕಿಗೆ ಎರಡನೇ ಪದವಿ ಏನನ್ನೂ ಸೇರಿಸುವುದಿಲ್ಲ.

ಈ ಲೆಕ್ಕ ಇಟ್ಟರೆ, ವಿದ್ಯೆಗೆ ಬೆಲೆ ಕಟ್ಟುತ್ತೀರಾ ಎಂದು ಕೇಳುವವರಿದ್ದಾರೆ. ವಿದ್ಯೆಗೆ ಬೆಲೆ ಕಟ್ಟಲಾಗದು, ನಿಜ. ಆದರೆ ಸಾಲಕ್ಕೆ ಆಗಲೇ ಬೆಲೆ ಕಟ್ಟಿಯಾಗಿದೆ. ಆ ಬೆಲೆಯನ್ನು ಯಾವುದರಲ್ಲಿ ತೆರುತ್ತೇವೆ ಎಂಬುದೇ ನನ್ನ ಪ್ರಶ್ನೆ. ದುಡ್ಡಿನಲ್ಲಿ ತೆರುತ್ತೇವೆ ಅನ್ನುವುದು ಅರ್ಧ ಉತ್ತರ ಮಾತ್ರ.

ಆರ್ಕಿಟೆಕ್ಟ್ ಆಗುವುದು ನಿಧಾನದ ಕೆಲಸ. ಕಲ್ಲು ಎಲ್ಲಿ ಸೀಳುತ್ತದೆ, ಮಳೆ ಯಾವ ಕಡೆಯಿಂದ ಎರಚುತ್ತದೆ, ಮೇಸ್ತ್ರಿ ತಲೆ ಅಲ್ಲಾಡಿಸಿದರೆ ಅದು ಒಪ್ಪಿಗೆಯೋ ಅನುಮಾನವೋ, ಇದೆಲ್ಲ ಕೈಗೆ ಹತ್ತಲು ಹತ್ತು ವರ್ಷ ಬೇಕು. ಆ ಹತ್ತು ವರ್ಷ ಸಂಬಳ ಕಡಿಮೆ. ಆಯ್ಕೆಗಳೇ ಬಂಡವಾಳ. ಒಳ್ಳೆಯ ಗುರುವಿನ ಬಳಿ ಅರ್ಧ ಸಂಬಳಕ್ಕೆ ನಿಲ್ಲುವುದು, ಹಳ್ಳಿ ಶಾಲೆಯೊಂದನ್ನು ಕಟ್ಟಿಸಲು ಒಂದು ವರ್ಷ ಕೊಡುವುದು, ಮನಸ್ಸಿಗೆ ಒಪ್ಪದ ಕೆಲಸವನ್ನು ಒಲ್ಲೆ ಅನ್ನುವುದು. ತಿಂಗಳ ಐದನೇ ತಾರೀಖಿಗೆ 82,600 ಹೊಂದಿಸಬೇಕಾದವಳು ಇವುಗಳಲ್ಲಿ ಒಂದನ್ನೂ ಮಾಡಲಾರಳು. ಕಲಿತದ್ದನ್ನು ಕಟ್ಟಡವಾಗಿಸಬೇಕಾದ ವರ್ಷಗಳನ್ನೇ ಸಾಲ ಮೊದಲು ತಿನ್ನುತ್ತದೆ.

ಹೊರದೇಶದಲ್ಲಿ ಕಲಿತು ಬಂದ ನಮ್ಮ ಹಿರಿಯ ಆರ್ಕಿಟೆಕ್ಟರನ್ನೂ ನೋಡೋಣ. ಬಾಲಕೃಷ್ಣ ದೋಶಿ 1951ರಲ್ಲಿ ಪ್ಯಾರಿಸ್ಸಿಗೆ ಹೋಗಿ ಆರ್ಕಿಟೆಕ್ಟ್ ಲ ಕಾರ್ಬ್ಯುಸಿಯೇ ಕಚೇರಿ ಸೇರಿದರು. ಮೊದಲ ಕೆಲವು ತಿಂಗಳು ಸಂಬಳವಿರಲಿಲ್ಲ. ನಾಲ್ಕು ವರ್ಷ ತುಂಬುವ ಮೊದಲೇ ಅಹಮದಾಬಾದಿನ ಕಟ್ಟಡಗಳ ಉಸ್ತುವಾರಿಗೆ ಹಿಂದಿರುಗಿ, 1962ರಲ್ಲಿ ಅಲ್ಲೊಂದು ಆರ್ಕಿಟೆಕ್ಚರ್ ಶಾಲೆ ತೆರೆದರು. ಅವರು ರೂಪಿಸಿದ ನಮ್ಮ ಬೆಂಗಳೂರಿನ ಐಐಎಂನಲ್ಲಿ ಬೂದುಗಲ್ಲಿನ ಗೋಡೆಗಳ ನಡುವೆ ಬಿಸಿಲು ನೆರಳು ಒಂದರ ಮೇಲೊಂದು ಬೀಳುವ ಓಣಿಗಳಲ್ಲಿ ನಡೆದವರಿಗೆ, ಆ ಪ್ಯಾರಿಸ್ ಕಲಿಕೆ ಇಲ್ಲಿನ ಕಲ್ಲಿಗೆ ಇಳಿದದ್ದು ಕಾಣುತ್ತದೆ. ಚಾರ್ಲ್ಸ್ ಕೊರಿಯಾ 1955ರಲ್ಲಿ ಎಂಐಟಿಯ ಓದು ಮುಗಿಸಿದರು, 1958ರಲ್ಲಿ ಮುಂಬೈಯಲ್ಲಿ ಸ್ವಂತ ಕಚೇರಿ ಶುರು ಮಾಡಿದರು. ಹೊರದೇಶದ ಕಲಿಕೆ ವ್ಯರ್ಥ ಎಂದು ಇವರ ಬದುಕು ನೋಡಿದ ಯಾರೂ ಹೇಳಲಾರರು. ನಾನೂ ಹೇಳುತ್ತಿಲ್ಲ. ಅವರ ಕಲಿಕೆ ಫಲ ಕೊಟ್ಟಿದ್ದು ಅವರು ಹಿಂದಿರುಗಬಲ್ಲವರಾಗಿದ್ದರಿಂದ.

ಕನ್ನಡದಲ್ಲಿ ಸಾಲ ಅನ್ನುವ ಮಾತೂ ಇದೆ, ಋಣ ಅನ್ನುವ ಮಾತೂ ಇದೆ. ಸಾಲಕ್ಕೆ ತಾರೀಖಿದೆ, ಬಡ್ಡಿಯಿದೆ, ತೀರಿದ ದಿನ ಕೊಟ್ಟವನಿಗೂ ಪಡೆದವನಿಗೂ ಸಂಬಂಧ ಮುಗಿಯುತ್ತದೆ. ಅನ್ನದ ಋಣ, ಮಣ್ಣಿನ ಋಣ ಅನ್ನುವಾಗ ನಾವು ಬೇರೆಯದನ್ನೇ ಹೇಳುತ್ತಿರುತ್ತೇವೆ. ಋಣವನ್ನು ಕೊಟ್ಟವರಿಗೇ ತೀರಿಸಬೇಕೆಂದಿಲ್ಲ, ಮುಂದಿನವರಿಗೆ ಕೊಟ್ಟು ತೀರಿಸಬಹುದು. ಋಷಿಋಣ ತೀರುವುದು ಅಧ್ಯಯನದಿಂದ ಎಂದು ವೈದಿಕ ಪರಂಪರೆ ಹೇಳಿದ್ದರಲ್ಲಿ ಈ ಅರ್ಥವಿದೆ. ದೋಶಿಯವರ ಮೇಲಿದ್ದುದು ಗುರುವಿನ ಋಣ, ಅದನ್ನು ಶಾಲೆ ಕಟ್ಟಿ ತೀರಿಸಿದರು. ಇನ್ನೊಬ್ಬ ಆರ್ಕಿಟೆಕ್ಟ್ ಅಚ್ಯುತ ಕಾನ್ವಿಂದೆಯವರನ್ನು 1945ರಲ್ಲಿ ಹಾರ್ವರ್ಡಿಗೆ ಕಳಿಸಿದ್ದು ಭಾರತ ಸರ್ಕಾರ, ಅಂದರೆ ಜನರ ದುಡ್ಡು. ಬಂದವರು ಐಐಟಿ ಕಾನ್ಪುರದ ಆವರಣ ರೂಪಿಸಿದರು. ದೊಡ್ಡ ಸಾಲದ ಕೆಡುಕೆಂದರೆ ಅದು ಎಲ್ಲ ಋಣಗಳಿಗಿಂತ ಮುಂದೆ ಬಂದು ನಿಲ್ಲುತ್ತದೆ. ಬ್ಯಾಂಕಿನ ಸರದಿ ಮುಗಿಯುವಷ್ಟರಲ್ಲಿ ಊರಿನ ಸರದಿ, ಗುರುವಿನ ಸರದಿ ಬರುವುದೇ ಇಲ್ಲ.

ನನ್ನನ್ನು ಹೆಚ್ಚು ಕಾಡಿದ ಆಕ್ಷೇಪ ಮಾತ್ರ ಬೇರೆ. ಸಾಲ ಮಾಡಬೇಡಿ ಅನ್ನುವುದು ಉಳ್ಳವರ ಬುದ್ಧಿವಾದ. ಸಿರಿವಂತರ ಮಕ್ಕಳು ಹೇಗಿದ್ದರೂ ಹೋಗುತ್ತಾರೆ. ಅಪ್ಪನ ಪರಿಚಯದ ಬಿಲ್ಡರುಗಳಿಲ್ಲದ, ಊರಲ್ಲಿ ಯಾರಿಗೂ ಈ ಕಸುಬಿನ ಹೆಸರೇ ತಿಳಿಯದ ಹುಡುಗಿಗೆ ಇರುವುದು ಇದೊಂದೇ ಬಾಗಿಲು. ಅದನ್ನೂ ಮುಚ್ಚುತ್ತೀರಾ? ಇದಕ್ಕೆ ಸುಲಭದ ಉತ್ತರ ನನ್ನಲ್ಲಿಲ್ಲ. ಗೆಳೆಯನ ಮಗಳನ್ನು ಅವತ್ತು ಕೇಳಿದ್ದೆ, ಅಲ್ಲಿ ಏನು ಸಿಗುತ್ತದಮ್ಮ ಎಂದು. ಸಂಬಳ ಅನ್ನಲಿಲ್ಲ, ಹೆಸರು ಅನ್ನಲಿಲ್ಲ. "ಐದು ವರ್ಷದಲ್ಲಿ ನನ್ನ ಡ್ರಾಯಿಂಗ್ ಮುಂದೆ ಒಂದು ಗಂಟೆ ಯಾರೂ ಕೂತಿಲ್ಲ ಅಂಕಲ್" ಅಂದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಅವಳು ಕೊಳ್ಳಹೊರಟಿರುವುದು ಒಬ್ಬ ಗುರುವಿನ ಗಮನ. ಅದನ್ನು ಇಲ್ಲಿ ಕೊಡಬೇಕಿದ್ದವರು ನಾವು, ಈ ಕಸುಬಿನ ಹಿರಿಯರು. ನಾವು ಕೊಡದ ಒಂದು ಗಂಟೆಗೆ ಅವಳು ಮನೆಪತ್ರ ತೆರಬೇಕಾಗಿ ಬಂದಿದೆ. ಅವಳ ಆಸೆ ನ್ಯಾಯದ್ದು. ಆದರೆ ಅನ್ಯಾಯಕ್ಕೆ ಸಾಲ ಪರಿಹಾರವಾಗುವುದಿಲ್ಲ. ಸಾಲ ಹೋಗುವ ಬಾಗಿಲು ತೆಗೆದು, ಬರುವ ಬಾಗಿಲು ಹಾಕುತ್ತದೆ. ಸಿರಿವಂತನ ಮಗ ಎರಡೂ ಬಾಗಿಲಲ್ಲಿ ಓಡಾಡುತ್ತಾನೆ, ಅಸಮಾನತೆ ಹಾಗೇ ಉಳಿಯುತ್ತದೆ.

ಆದ್ದರಿಂದ ನನ್ನ ಅಳತೆಗೋಲು ಒಂದೇ. ನಾಳೆಯೇ ವಾಪಸ್ಸು ಬಂದು ಇಲ್ಲಿ ಐವತ್ತು ಸಾವಿರಕ್ಕೆ ಸೇರಿದರೂ ತೀರಿಸಬಲ್ಲಷ್ಟಿದ್ದರೆ ಆ ಸಾಲ ಓದಿಗೆ ಮಾಡಿದ್ದು. ಅದನ್ನು ಮೀರಿದರೆ ವೀಸಾದ ಮೇಲೆ ಮನೆಯನ್ನು ಪಣಕ್ಕಿಟ್ಟಂತೆ. ಅದೇ ಬಡ್ಡಿಗೆ 14 ಲಕ್ಷದ ಕಂತು ಸುಮಾರು 19,300. ಕಷ್ಟ, ಆದರೆ ಹೊರಬಹುದು. ಉಳಿದದ್ದಕ್ಕೆ ಬೇರೆ ದಾರಿ ಹುಡುಕಬೇಕು: 1892ರಿಂದ ನಡೆದು ಬಂದ ಜೆ.ಎನ್. ಟಾಟಾ ಎಂಡೋಮೆಂಟಿನ ಸಾಲ-ವಿದ್ಯಾರ್ಥಿವೇತನ, ಪರಿಶಿಷ್ಟ ಜಾತಿ–ಪಂಗಡದವರಿಗೆ ರಾಜ್ಯದ ಪ್ರಬುದ್ಧ ಯೋಜನೆ, ವಿಶ್ವವಿದ್ಯಾಲಯದ ಶುಲ್ಕ ವಿನಾಯಿತಿ. ಜರ್ಮನಿಯ ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ ಯೂರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ. ಜೀವನವೆಚ್ಚಕ್ಕೆಂದು ವರ್ಷಕ್ಕೆ 11,904 ಯೂರೋ ಖಾತೆಯಲ್ಲಿ ತೋರಿಸಬೇಕು, ಹಾಗಾಗಿ ಅದೂ ಅಗ್ಗವೆಂದು ಹೇಳಲಾರೆ.

ಆ ಹುಡುಗಿಗೆ ನಿನ್ನೆ ಫೋನು ಮಾಡಿದೆ. ಪ್ರವೇಶವನ್ನು ಒಂದು ವರ್ಷ ಮುಂದೂಡಲು, ಶುಲ್ಕ ಇಳಿಸಲು ಕೇಳಿ ಬರೆ ಅಂದೆ. ಅಲ್ಲಿಯವರೆಗೆ ಶನಿವಾರದ ಮಧ್ಯಾಹ್ನಗಳು ಅವಳವು, ಡ್ರಾಯಿಂಗುಗಳನ್ನು ತರಲಿ, ಒಂದು ಗಂಟೆ ಸಾಲದಿದ್ದರೆ ಮೂರು ಗಂಟೆ ಕೂರುತ್ತೇನೆ. ವರ್ಷದ ಕೊನೆಗೆ ಸಾಲದ ಮೊತ್ತ ಹೊರಬಲ್ಲಷ್ಟಕ್ಕೆ ಇಳಿದಿದ್ದರೆ, ಅವಳಪ್ಪನ ಜೊತೆ ಬ್ಯಾಂಕಿಗೆ ಹೋಗಿ ಜಾಮೀನಿಗೆ ನಾನೇ ಸಹಿ ಹಾಕುತ್ತೇನೆ.