ಕರಾರಿನ ನಡುವೆ ಬದಲಾದ ನಿಯಮ

ವ್ಯಾಪಾರಿಯೊಬ್ಬ ತನ್ನ ನಿಯಮಗಳನ್ನು ಬದಲಾಯಿಸುವುದು ತಪ್ಪೇ? ಬದಲಾಯಿಸಲೇಬಾರದೆಂದು ಯಾರೂ ಹೇಳಲಾರರು. ಬೆಲೆಗಳು ಏರುತ್ತವೆ, ಇಳಿಯುತ್ತವೆ. ನಿನ್ನೆಯ ತನಕ ಸಾಲ ಕೊಡುತ್ತಿದ್ದ ಅಂಗಡಿಯಾತ ಇಂದು 'ಸಾಲ ಕೇಳಬೇಡಿ' ಎಂದು ಫಲಕ ಬರೆದು ತೂಗುಹಾಕಿದರೆ ಅದು ಅವನ ಹಕ್ಕು. ಆದರೆ ಅದೇ ಅಂಗಡಿಯಾತ ಒಬ್ಬ ಗಿರಾಕಿಯಿಂದ ತಿಂಗಳು ತಿಂಗಳು ಹಣ ಪಡೆಯುತ್ತಾ, ಇಂತಿಷ್ಟು ತಿಂಗಳಾದ ಮೇಲೆ ಇಂಥದ್ದು ಸಿಗುತ್ತದೆಂಬ ನಂಬಿಕೆ ಹುಟ್ಟಿಸಿ, ನಡುದಾರಿಯಲ್ಲಿ 'ನಿಯಮ ಬದಲಾಗಿದೆ, ಇನ್ನೂ ನಾಲ್ಕು ತಿಂಗಳು ಕಾಯಿರಿ' ಎಂದರೆ? ಕಾನೂನು ಅದನ್ನು ಒಪ್ಪಬಹುದು. ಮನಸ್ಸಾಕ್ಷಿ ಒಪ್ಪುತ್ತದೆಯೇ?

ಈ ಪ್ರಶ್ನೆ ಅಮೇರಿಕಾದ ಮೊಬೈಲ್ ಫೋನ್ ಗ್ರಾಹಕರನ್ನು ಹಲವು ವರ್ಷಗಳ ಕಾಲ ಕಾಡಿತು. ನಮ್ಮಲ್ಲಿ ಸಾಮಾನ್ಯವಾಗಿ ಫೋನನ್ನು ಅಂಗಡಿಯಿಂದ ಹಣ ಕೊಟ್ಟು ಖರೀದಿಸುತ್ತೇವೆ, ಸಿಮ್ ಕಾರ್ಡನ್ನು ಬೇರೆಯೇ ಪಡೆಯುತ್ತೇವೆ. ಅಮೇರಿಕಾದಲ್ಲಿ ಎರಡೂ ಒಂದೇ ಗಂಟಿನಲ್ಲಿರುವುದು ರೂಢಿಯಾಗಿತ್ತು. ಸಂಪರ್ಕ ಒದಗಿಸುವ ಕಂಪೆನಿಯೇ ಫೋನನ್ನೂ ಮಾರುತ್ತಿತ್ತು, ಅದೂ ಬಹಳ ಕಡಿಮೆ ಬೆಲೆಗೆ. 2009ರ ಜೂನ್‌ನಲ್ಲಿ ಐಫೋನ್ 3ಜಿಎಸ್ ಮಾರುಕಟ್ಟೆಗೆ ಬಂದಾಗ ಅದರ 16 ಜಿ.ಬಿ. ಮಾದರಿಯ ಬೆಲೆ, ಯಾವ ಕರಾರೂ ಇಲ್ಲದೆ ಕೊಳ್ಳುವವನಿಗೆ 599 ಡಾಲರ್. ಎಟಿ ಅಂಡ್ ಟಿ ಕಂಪೆನಿಯೊಂದಿಗೆ ಎರಡು ವರ್ಷಗಳ ಕರಾರು ಮಾಡಿಕೊಂಡವನಿಗೆ ಅದೇ ಫೋನ್ 199 ಡಾಲರ್‌ಗೆ ಸಿಗುತ್ತಿತ್ತು.

ಉಳಿದ 400 ಡಾಲರ್ ಎಲ್ಲಿಗೆ ಹೋಯಿತು? ಅದು ಕಂಪೆನಿಯ ಔದಾರ್ಯವೇನೂ ಆಗಿರಲಿಲ್ಲ. ಗ್ರಾಹಕನ ತಿಂಗಳ ಬಿಲ್ಲಿನೊಳಗೆ ಅದು ಅಡಗಿ ಕುಳಿತಿತ್ತು. 24 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 16-17 ಡಾಲರ್. ಎರಡು ವರ್ಷ ಮುಗಿದ ಬಳಿಕ ಮತ್ತೆ ಕರಾರಿಗೆ ಸಹಿ ಹಾಕಿದರೆ ಇನ್ನೊಂದು ಹೊಸ ಫೋನ್ ಕಡಿಮೆ ಬೆಲೆಗೆ ದೊರೆಯುತ್ತಿತ್ತು. ಇದಕ್ಕೆ 'ಅಪ್‌ಗ್ರೇಡ್' ಎಂದು ಹೆಸರು. ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಹಳೆಯ ಫೋನಿನ ಬಾಕಿ ತೀರಿದ ಮೇಲೂ ತಿಂಗಳ ಬಿಲ್ಲು ಇಳಿಯುತ್ತಿರಲಿಲ್ಲ. ಎರಡು ವರ್ಷದ ನಂತರವೂ ಹಳೆಯ ಫೋನಿನಲ್ಲೇ ತೃಪ್ತನಾಗಿ ಉಳಿದ ಮಿತವ್ಯಯಿ, ತಾನು ಪಡೆಯದ ಫೋನಿನ ಹಣವನ್ನು ತಿಂಗಳು ತಿಂಗಳು ತೆರುತ್ತಲೇ ಇದ್ದ! ಹೀಗಿರುವಾಗ ಅಪ್‌ಗ್ರೇಡ್ ಎಂಬುದನ್ನು ಗ್ರಾಹಕರು ಉಡುಗೊರೆಯೆಂದು ಭಾವಿಸದೆ ತಮ್ಮ ಹಣವೇ ತಮಗೆ ಮರಳಿ ಬರುವ ದಿನವೆಂದು ಭಾವಿಸಿದುದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ಗ್ರಾಹಕರ ಎಲ್ಲ ಕೋಪವೂ ನ್ಯಾಯದ ಕೋಪವಾಗಿತ್ತೇ? ಅದನ್ನೂ ಪ್ರಾಮಾಣಿಕವಾಗಿ ಪರಿಶೀಲಿಸೋಣ. 2008ರ ಜುಲೈಯಲ್ಲಿ ಐಫೋನ್ 3ಜಿ ಕೊಂಡವರಿಗೆ ಮರುವರ್ಷ ಹೊಸ ಮಾದರಿ ಬಂದಾಗ ಕರಾರಿನ ಒಂದು ವರ್ಷವೂ ಮುಗಿದಿರಲಿಲ್ಲ. ಅವರಲ್ಲಿ ಅನೇಕರಿಗೆ ಎಟಿ ಅಂಡ್ ಟಿ 199ರ ಬದಲು 399 ಡಾಲರ್ ಕೇಳಿತು. ಗ್ರಾಹಕರು ಸಿಡಿದೆದ್ದರು. ಆದರೆ ಅವರು ಹಿಂದಿನ ಫೋನಿನ ರಿಯಾಯಿತಿಯನ್ನು ಪೂರ್ತಿ ಪಡೆದಿದ್ದರು, ಮರಳಿಸಿದ್ದು ಅರ್ಧಕ್ಕಿಂತಲೂ ಕಡಿಮೆ. ಅವರ ಕೈಯಲ್ಲಿದ್ದ ಫೋನ್ ಕೆಟ್ಟಿರಲಿಲ್ಲ. ಯಾರೂ ಅವರಿಗೆ ವರ್ಷಕ್ಕೊಂದು ಫೋನ್ ಕೊಡುವುದಾಗಿ ಮಾತು ಕೊಟ್ಟಿರಲಿಲ್ಲ. ಕೊನೆಗೆ ಫೋನ್ ಮಾರಾಟಕ್ಕೆ ಬರುವ ಎರಡು ದಿನ ಮುಂಚೆ ಕಂಪೆನಿ ಸ್ವಲ್ಪ ಮಣಿಯಿತು. ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಅರ್ಹರಾಗಲಿದ್ದವರಿಗೆ ಕೂಡಲೇ 199 ಡಾಲರ್‌ನ ಬೆಲೆ ನೀಡಿತು. ಅದು ಕಂಪೆನಿ ತೋರಿದ ವಿನಾಯಿತಿ. ಅದನ್ನು ಹಕ್ಕೆಂದು ಕರೆದರೆ ಹಕ್ಕು ಎಂಬ ಪದವೇ ಅಗ್ಗವಾಗುತ್ತದೆ. ಆಸೆಯು ಹಕ್ಕಿನ ಉಡುಪು ತೊಟ್ಟು ಬರುವುದು ಮನುಷ್ಯನಿಗೆ ಹೊಸತೇನಲ್ಲ.

ಆದರೆ 2013ರಲ್ಲಿ ನಡೆದುದು ಬೇರೆ. ವೆರಿಝಾನ್ ಕಂಪೆನಿಯಲ್ಲಿ ಎರಡು ವರ್ಷದ ಕರಾರು ಮಾಡಿಕೊಂಡವರು 20 ತಿಂಗಳು ತುಂಬಿದಾಗಲೇ ಹೊಸ ಫೋನ್ ಪಡೆಯಬಹುದಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಕಂಪೆನಿ ಈ ಅವಧಿಯನ್ನು 24 ತಿಂಗಳಿಗೆ ಏರಿಸಿತು. ಜೂನ್‌ನಲ್ಲಿ ಎಟಿ ಅಂಡ್ ಟಿ ಕೂಡ ಅದೇ ದಾರಿ ಹಿಡಿಯಿತು. ವೆರಿಝಾನ್‌ನ ಹೊಸ ನಿಯಮ ಅನ್ವಯಿಸಿದ್ದು, 2014ರ ಜನವರಿಯಿಂದಾಚೆಗೆ ಕರಾರು ಮುಗಿಯುವವರಿಗೆ. ಅಂದರೆ 2012ರ ಜನವರಿಯಲ್ಲಿ ಹಳೆಯ ನಿಯಮವನ್ನು ನಂಬಿ ಸಹಿ ಹಾಕಿ, ಆಗಲೇ 15 ತಿಂಗಳು ಹಣ ಕಟ್ಟಿದ್ದವನೂ ಈ ಬಲೆಗೆ ಬಿದ್ದ. ಸೆಪ್ಟೆಂಬರ್‌ನಲ್ಲಿ ಸಿಗಬೇಕಾಗಿದ್ದುದು ಜನವರಿಗೆ ಹೋಯಿತು.

ಕಂಪೆನಿಯ ಪರವಾಗಿ ಹೇಳಬಹುದಾದ ಮಾತುಗಳೂ ಇವೆ. ಕರಾರು ಇದ್ದುದು ಎರಡು ವರ್ಷಕ್ಕೆ. ನಾಲ್ಕು ತಿಂಗಳು ಮೊದಲೇ ಹೊಸ ಫೋನ್ ಕೊಡುತ್ತಿದ್ದುದು ಒಂದು ಸೌಲಭ್ಯ. ಫೋನ್‌ಗಳು ದುಬಾರಿಯಾಗುತ್ತಿದ್ದವು. ನಿಯಮಗಳು ಬದಲಾಗಬಹುದೆಂದು ಮೊದಲೇ ಬರೆದಿರುತ್ತದೆ. ಬದಲಾವಣೆಯನ್ನು ಗುಟ್ಟಾಗಿಯೂ ಮಾಡಲಿಲ್ಲ, ತಿಂಗಳುಗಳ ಮೊದಲೇ ಪ್ರಕಟಿಸಲಾಯಿತು. ಇವೆಲ್ಲ ನಿಜ. ಹಾಗಾದರೆ ತಪ್ಪು ಎಲ್ಲಿದೆ?

ಇಲ್ಲಿ ಇಸ್ಲಾಮೀ ಇತಿಹಾಸದ ಒಂದು ಘಟನೆ ನೆನಪಾಗುತ್ತದೆ. ಹದೀಸ್ ಗ್ರಂಥಗಳಾದ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಅದು ವರದಿಯಾಗಿದೆ. ಹ. ಮುಆವಿಯಾ(ರ) ಮತ್ತು ರೋಮನರ ನಡುವೆ ಒಂದು ನಿರ್ದಿಷ್ಟ ಅವಧಿಯ ಒಪ್ಪಂದವಿತ್ತು. ಅವಧಿ ಮುಗಿಯಲು ಇನ್ನೂ ದಿನಗಳಿರುವಾಗಲೇ ಮುಆವಿಯಾ(ರ) ಸೈನ್ಯದೊಂದಿಗೆ ಅವರ ಗಡಿಯತ್ತ ಹೊರಟರು. ಅವಧಿ ಮುಗಿದ ಕ್ಷಣವೇ ಮೇಲೆರಗುವುದು ಅವರ ಉದ್ದೇಶವಾಗಿತ್ತು. ಅಕ್ಷರಶಃ ನೋಡಿದರೆ ಒಪ್ಪಂದದ ಒಂದು ಶಬ್ದವೂ ಮುರಿದಿರಲಿಲ್ಲ. ಆಗ ಪ್ರವಾದಿ(ಸ)ರ ಅನುಚರರಾದ ಹ. ಅಮ್ರ್ ಬಿನ್ ಅಬಸ(ರ) ಕುದುರೆಯೇರಿ ಧಾವಿಸಿ ಬಂದರು. ಇದು ನಿಷ್ಠೆಯ ದಾರಿಯಲ್ಲವೆಂದು ಕೂಗಿ ಹೇಳಿದರು. ಒಪ್ಪಂದ ಮಾಡಿಕೊಂಡವನು ಅವಧಿ ಮುಗಿಯುವ ತನಕ, ಅಥವಾ ಇದಿರು ಪಕ್ಷವನ್ನು ಸಮಾನ ಸ್ಥಿತಿಯಲ್ಲಿಟ್ಟು ಬಹಿರಂಗವಾಗಿ ಒಪ್ಪಂದವನ್ನು ಮರಳಿಸುವ ತನಕ ಅದರ ಗಂಟನ್ನು ಸಡಿಲಿಸಲೂ ಬಾರದು, ಬಿಗಿಯಲೂ ಬಾರದು ಎಂಬ ಪ್ರವಾದಿವಚನದ ಆಶಯವನ್ನು ನೆನಪಿಸಿದರು. ಮುಆವಿಯಾ(ರ) ಸೈನ್ಯವನ್ನು ಹಿಂದಕ್ಕೆ ತಿರುಗಿಸಿದರು.

ಅಧಿಕಾರ ಕೈಯಲ್ಲಿದ್ದವರು, ಅಕ್ಷರ ತಮ್ಮ ಪರವಾಗಿದ್ದಾಗಲೂ ಹಿಂದೆ ಸರಿದರು. ಏಕೆಂದರೆ ಒಪ್ಪಂದ ಎಂಬುದು ಕಾಗದದ ಮೇಲಿನ ಶಬ್ದಗಳಲ್ಲಿ ಮುಗಿಯುವುದಿಲ್ಲ. ಅದನ್ನು ನಂಬಿ ಇದಿರಿನವನು ತನ್ನ ದಿನಗಳನ್ನು ಹೇಗೆ ಏರ್ಪಡಿಸಿಕೊಂಡಿದ್ದಾನೆ ಎಂಬುದೂ ಅದರ ಭಾಗವಾಗುತ್ತದೆ. ಪವಿತ್ರ ಕುರ್‌ಆನ್ ಅಲ್ ಅನ್‌ಫಾಲ್ ಅಧ್ಯಾಯದ 58ನೆಯ ಸೂಕ್ತದಲ್ಲಿ ಕಲಿಸುವ ಪಾಠವೂ ಇದುವೇ. ವಂಚನೆಯ ಭಯವಿರುವ ಜನರೊಂದಿಗಿನ ಒಪ್ಪಂದವನ್ನು ಕೊನೆಗೊಳಿಸುವಾಗಲೂ ಇಬ್ಬರೂ ಸಮಾನ ನೆಲೆಯಲ್ಲಿರುವಂತೆ ನೋಡಿಕೊಳ್ಳಬೇಕು. ಆ ಸೂಕ್ತ ಜನಾಂಗಗಳ ನಡುವಣ ಸಂಧಿಯ ಬಗ್ಗೆ ಮಾತಾಡುತ್ತದೆ ನಿಜ. ಆದರೆ ಶತ್ರುವಿಗೂ ಸಲ್ಲಬೇಕಾದ ಸಮಾನತೆ ಗಿರಾಕಿಗೆ ಸಲ್ಲಬಾರದೇ?

ಈ ಮಾನದಂಡದಿಂದ 2013ರ ಪ್ರಕರಣವನ್ನು ಅಳೆದು ನೋಡಿ. ಕಂಪೆನಿ ಮುಂಚಿತವಾಗಿ ತಿಳಿಸಿತು, ಸರಿ. ಆದರೆ ತಿಳಿದುಕೊಂಡ ಗ್ರಾಹಕ ಏನು ಮಾಡಬಲ್ಲವನಾಗಿದ್ದ? ಸ್ಮಾರ್ಟ್‌ಫೋನ್ ಪಡೆದವನು ಕರಾರನ್ನು ನಡುವೆ ಮುರಿದರೆ ತೆರಬೇಕಾದ ದಂಡ ವೆರಿಝಾನ್‌ನಲ್ಲಿ 350 ಡಾಲರ್‌ನಿಂದ ಆರಂಭವಾಗಿ ತಿಂಗಳಿಗೆ 10 ಡಾಲರ್‌ನಂತೆ ಇಳಿಯುತ್ತಿತ್ತು. 15 ತಿಂಗಳಾದವನ ತಲೆಯ ಮೇಲೆ ಇನ್ನೂ 200 ಡಾಲರ್‌ನ ದಂಡ ತೂಗುತ್ತಿತ್ತು. ಒಬ್ಬನು ಕರಾರಿನ ನಡುವೆಯೂ ಸೌಲಭ್ಯಗಳನ್ನು ತಿದ್ದಬಲ್ಲ, ಇನ್ನೊಬ್ಬನು ದಂಡ ತೆರದೆ ಅಲುಗಾಡಲಾರ. ಓಡಿಹೋಗಲು ದಾರಿಯಿಲ್ಲದವನಿಗೆ ಕೊಟ್ಟ ಮುನ್ಸೂಚನೆ ಸಮಾನತೆಯಾಗುವುದಿಲ್ಲ. ನಿಯಮ ಬದಲಾಯಿಸುವ ಸ್ವಾತಂತ್ರ್ಯ ಒಬ್ಬನಿಗಿದ್ದರೆ ಬಿಟ್ಟುಹೋಗುವ ಸ್ವಾತಂತ್ರ್ಯ ಇನ್ನೊಬ್ಬನಿಗೆ ಇರಲೇಬೇಕು. ಇಲ್ಲವಾದರೆ ಹಳೆಯ ಕರಾರು ಹಳೆಯ ನಿಯಮದಲ್ಲೇ ಮುಗಿಯಬೇಕು, ಹೊಸ ನಿಯಮ ಹೊಸಬರಿಗೆ ಅನ್ವಯಿಸಬೇಕು. ಇವೆರಡರಲ್ಲಿ ಯಾವುದನ್ನು ಮಾಡಿದ್ದರೂ ಕಂಪೆನಿಯನ್ನು ದೂರಲು ಕಾರಣವಿರುತ್ತಿರಲಿಲ್ಲ.

ಇದಕ್ಕಿಂತಲೂ ಕೆಟ್ಟ ಇನ್ನೊಂದು ವಿಧಾನವಿದೆ. ಮಾತನ್ನು ಹಾಗೆಯೇ ಉಳಿಸಿಕೊಂಡು ಅದರೊಳಗಿನ ತಿರುಳನ್ನು ತೆಗೆದುಬಿಡುವುದು. ಎಟಿ ಅಂಡ್ ಟಿ 2010ರ ಜೂನ್‌ನಲ್ಲಿ ಹೊಸ ಗ್ರಾಹಕರಿಗೆ ಮಿತಿಯಿಲ್ಲದ ಇಂಟರ್‌ನೆಟ್ ಯೋಜನೆಯನ್ನು ನಿಲ್ಲಿಸಿತು, ಹಳೆಯ ಗ್ರಾಹಕರು ಅದರಲ್ಲೇ ಮುಂದುವರಿಯಲು ಬಿಟ್ಟಿತು. ಅಲ್ಲಿಯವರೆಗೆ ಎಲ್ಲವೂ ನ್ಯಾಯವೇ. ಆದರೆ 2011ರಿಂದ, ತಿಂಗಳಲ್ಲಿ ಒಂದು ಪ್ರಮಾಣಕ್ಕಿಂತ ಹೆಚ್ಚು ಬಳಸಿದವರ ವೇಗವನ್ನು ಅದು ತೀವ್ರವಾಗಿ ತಗ್ಗಿಸತೊಡಗಿತು. ಹೆಸರು 'ಮಿತಿಯಿಲ್ಲದ್ದು', ಅನುಭವ ಕುಂಟುವ ಕತ್ತೆಯ ಸವಾರಿ. ಅಮೇರಿಕಾದ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಇದರ ವಿರುದ್ಧ ಮೊಕದ್ದಮೆ ಹೂಡಿತು. ಕನಿಷ್ಠ 35 ಲಕ್ಷ ಗ್ರಾಹಕರು ಇದಕ್ಕೆ ಗುರಿಯಾದರೆಂದು ಅದರ ಆರೋಪವಾಗಿತ್ತು. 2019ರಲ್ಲಿ ಕಂಪೆನಿ 6 ಕೋಟಿ ಡಾಲರ್ ಕೊಟ್ಟು ಪ್ರಕರಣವನ್ನು ಇತ್ಯರ್ಥಪಡಿಸಿಕೊಂಡಿತು. ಮದೀನದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ನೋಡಿದ ಪ್ರವಾದಿ(ಸ)ರಿಗೆ ಒಳಗೆ ಒದ್ದೆ ಕಾಳು ಸಿಕ್ಕಿದ ಘಟನೆ ನಮಗೆಲ್ಲ ಗೊತ್ತು. ಮಳೆ ಬಿದ್ದುದು ವ್ಯಾಪಾರಿಯ ತಪ್ಪಾಗಿರಲಿಲ್ಲ. ಒದ್ದೆಯಾದುದನ್ನು ಒಣ ಕಾಳಿನ ಅಡಿಯಲ್ಲಿಟ್ಟುದು ಅವನ ತಪ್ಪಾಗಿತ್ತು.

ಅಮೇರಿಕಾದಲ್ಲಿ ಆ ಹಳೆಯ ಪದ್ಧತಿ ಬಹುಮಟ್ಟಿಗೆ ಮುಗಿದುಹೋಗಿದೆ. ವೆರಿಝಾನ್ 2015ರಲ್ಲಿ ಹೊಸ ಗ್ರಾಹಕರಿಗೆ ಎರಡು ವರ್ಷದ ಕರಾರನ್ನು ನಿಲ್ಲಿಸಿತು, ಎಟಿ ಅಂಡ್ ಟಿ 2016ರ ಜನವರಿಯಲ್ಲಿ. ಅದರ ಜಾಗದಲ್ಲಿ ಫೋನಿನ ಬೆಲೆಯನ್ನು ಬೇರೆಯಾಗಿ ತೋರಿಸುವ ಕಂತುಗಳು ಬಂದವು. ಏನಕ್ಕೆ ಎಷ್ಟು ಕೊಡುತ್ತಿದ್ದೇವೆಂದು ತಿಳಿಯುವುದು ಒಳ್ಳೆಯದೇ. ಆದರೆ ಕಂತಿನ ಅವಧಿ ಬಳಿಕ 36 ತಿಂಗಳವರೆಗೂ ಬೆಳೆಯಿತು. ರಿಯಾಯಿತಿಯನ್ನು ತಿಂಗಳು ತಿಂಗಳು ಬಿಲ್ಲಿನಲ್ಲಿ ಕಳೆಯುವ ಕೊಡುಗೆಗಳಲ್ಲಿ, ನಡುವೆ ಬಿಟ್ಟುಹೋದವನಿಗೆ ಮಿಕ್ಕ ರಿಯಾಯಿತಿ ಸಿಗದು. ಹಗ್ಗದ ಬಣ್ಣ ಬದಲಾಯಿತೇ ಹೊರತು ಕಟ್ಟಿಹಾಕುವ ಬಯಕೆ ಹೋಗಲಿಲ್ಲ.

ಇದೆಲ್ಲ ದೂರದ ಕಥೆಯೆಂದು ಭಾವಿಸಬೇಡಿ. ನಮ್ಮಲ್ಲಿ ಅಪ್‌ಗ್ರೇಡ್ ಕರಾರು ಬರಲಿಲ್ಲ, ಆದರೆ 'ಲೈಫ್‌ಟೈಮ್' ಬಂದಿತ್ತು. ಏರ್‌ಟೆಲ್ 2005ರ ಡಿಸೆಂಬರ್‌ನಲ್ಲಿ 999 ರೂಪಾಯಿಗೆ ಜೀವಮಾನದ ಪ್ರೀಪೇಯ್ಡ್ ಸಂಪರ್ಕವನ್ನು ಪ್ರಕಟಿಸಿತು, ಇತರ ಕಂಪೆನಿಗಳೂ ಹಿಂಬಾಲಿಸಿದವು. ಕೊಲ್ಲಿ ರಾಷ್ಟ್ರದಲ್ಲಿರುವ ಮಗನ ಕರೆಗಾಗಿ ಮಾತ್ರ ಫೋನ್ ಇಟ್ಟುಕೊಂಡ ಊರಿನ ತಾಯಂದಿರಿಗೆ ಅದು ವರದಾನದಂತೆ ಕಂಡಿತು. ಆದರೆ 2018ರ ಕೊನೆಯಲ್ಲಿ, ಕರೆ ಸ್ವೀಕರಿಸಬೇಕಾದರೂ 28 ದಿನಗಳಿಗೊಮ್ಮೆ ಕನಿಷ್ಠ 35 ರೂಪಾಯಿ ರೀಚಾರ್ಜ್ ಮಾಡಬೇಕೆಂಬ ನಿಯಮವನ್ನು ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ತಂದವು. ವರ್ಷಕ್ಕೆ 13 ಸಲ, 455 ರೂಪಾಯಿ. ಖಾತೆಯಲ್ಲಿ ಸಾಕಷ್ಟು ಹಣವಿರುವವರ ಸಂಪರ್ಕ ಕಡಿಯಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಹೇಳಬೇಕಾಗಿ ಬಂತು. 'ಜೀವಮಾನ' ಎಂದರೆ ಕಂಪೆನಿಯ ಪರವಾನಗಿಯ ಅವಧಿ ಎಂದು ನಿಯಮದ ಭಾಷೆಯಲ್ಲಿ ಅರ್ಥ. ಆದರೆ 999 ರೂಪಾಯಿ ಎಣಿಸಿ ಕೊಟ್ಟ ತಾಯಿಗೆ ಆ ಪದದ ಅರ್ಥ ಏನಾಗಿತ್ತು? ಮಾರುವವನಿಗೆ ಅದು ಗೊತ್ತಿರಲಿಲ್ಲವೇ? ಆ ಅರ್ಥದಿಂದಲೇ ಅಲ್ಲವೇ ಅದು ಮಾರಾಟವಾದುದು?

ಇಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಇದಿರಿನವನಲ್ಲಿ ನಾವೇ ಹುಟ್ಟಿಸಿದ, ನಮಗೆ ಲಾಭ ತಂದುಕೊಟ್ಟ ನಿರೀಕ್ಷೆಯು ನಮ್ಮ ಮೇಲಿನ ಸಾಲವಾಗಿದೆ. ಸಣ್ಣ ಅಕ್ಷರಗಳು ಆ ಸಾಲವನ್ನು ನ್ಯಾಯಾಲಯದಲ್ಲಿ ಅಳಿಸಬಹುದು. ಅಲ್ಲಾಹನ ಬಳಿ ಅಳಿಸಲಾರವು. ಆದರೆ ಅವನು ತಾನಾಗಿ ತನ್ನ ಆಸೆಯಿಂದ ಕಟ್ಟಿಕೊಂಡ ನಿರೀಕ್ಷೆಗೆ ನಾವು ಹೊಣೆಗಾರರಲ್ಲ. 2009ರ ಮತ್ತು 2013ರ ಗ್ರಾಹಕರ ನಡುವಿನ ವ್ಯತ್ಯಾಸ ಇಷ್ಟೇ.

ಆದುದರಿಂದ ಗ್ರಾಹಕರಾಗಿರುವಾಗ ಕೋಪಿಸಿಕೊಳ್ಳುವ ಮೊದಲು ನಮ್ಮನ್ನೇ ಕೇಳಿಕೊಳ್ಳೋಣ: ನನ್ನಿಂದ ಕಿತ್ತುಕೊಂಡಿರುವುದು ನನಗೆ ಕೊಟ್ಟ ಮಾತನ್ನೋ, ನಾನು ಬಯಸಿದ್ದ ವಸ್ತುವನ್ನೋ? ಮಾತನ್ನಾಗಿದ್ದರೆ ಸುಮ್ಮನಿರಬೇಕಾಗಿಲ್ಲ. ದೂರು ಕೊಡುವುದು, ಬಿಲ್ಲು ಕೇಳುವುದು, ಗ್ರಾಹಕರ ನ್ಯಾಯಾಲಯಕ್ಕೆ ಹೋಗುವುದು ಎಲ್ಲವೂ ನ್ಯಾಯದ ಕೆಲಸವೇ. ವಸ್ತುವನ್ನಾಗಿದ್ದರೆ ಕೈಯಲ್ಲಿರುವ ಫೋನ್ ಇನ್ನೂ ಕೆಲಸ ಮಾಡುತ್ತದೆಯೇ ಎಂದು ನೋಡಿದರೆ ಸಾಕು.

ನಾವು ವ್ಯಾಪಾರಿಗಳಾಗಿರುವಾಗಲೋ? ನಮ್ಮ ಕುಟುಂಬಗಳಲ್ಲಿ ಅಂಗಡಿ ನಡೆಸುವವರಿದ್ದಾರೆ, ಚಿನ್ನದ ಉಳಿತಾಯದ ಕಂತು ಕಟ್ಟಿಸಿಕೊಳ್ಳುವವರಿದ್ದಾರೆ, ಮನೆ ಬಾಡಿಗೆಗೆ ಕೊಟ್ಟವರಿದ್ದಾರೆ, ಕೆಲಸಗಾರರನ್ನು ಇಟ್ಟುಕೊಂಡವರಿದ್ದಾರೆ. ನಿಯಮ ಬದಲಾಯಿಸಬೇಕಾದ ಅನಿವಾರ್ಯತೆ ನಮಗೂ ಬರುತ್ತದೆ. ಆಗ ಹಳೆಯ ಲೆಕ್ಕವನ್ನು ಹಳೆಯ ಮಾತಿನಂತೆಯೇ ಮುಗಿಸೋಣ. ಅದು ಸಾಧ್ಯವೇ ಇಲ್ಲವಾದರೆ ಇದಿರಿನವನನ್ನು ಕೂರಿಸಿ ವಿಷಯ ತಿಳಿಸಿ, ಬೇಡವೆಂದರೆ ಅವನ ಹಣವನ್ನು ಕಡಿತವಿಲ್ಲದೆ ಮರಳಿಸೋಣ. ಅಲ್ ಮಾಇದಃ ಅಧ್ಯಾಯವು ಸತ್ಯವಿಶ್ವಾಸಿಗಳನ್ನು ಕರೆದು ಕೊಡುವ ಮೊತ್ತಮೊದಲ ಆದೇಶವೇ ಕರಾರುಗಳನ್ನು ಪೂರ್ಣಗೊಳಿಸಬೇಕೆಂಬುದು. ಆ ಆದೇಶದಲ್ಲಿ ಸಣ್ಣ ಅಕ್ಷರಗಳಿಲ್ಲ.